ಪ್ರಾಕ್ಸಿ ಹಿಂದೆ ಕೂತು ಟರ್ಮಿನಲ್‌ನಿಂದ ಸಾಫ್ಟ್‌ವೇರ್ ಹಾಕುವಾಗ: ತಡೆದವರು ಯಾರು ಅಂತ ಹುಡುಕುವ ಕೈಪಿಡಿ

"ಬ್ರೌಸರ್‌ನಲ್ಲಿ ಎಲ್ಲಾ ಓಪನ್ ಆಗುತ್ತೆ ಸಾರ್, ಟರ್ಮಿನಲ್‌ನಲ್ಲಿ ಮಾತ್ರ ಏನೂ ಇನ್‌ಸ್ಟಾಲ್ ಆಗ್ತಿಲ್ಲ." ಶಿವಮೊಗ್ಗದ ಹಾಸ್ಟೆಲ್ ಹುಡುಗರಿರಲಿ, ಸಾಗರ, ತೀರ್ಥಹಳ್ಳಿ ಕಡೆಯ ಆಫೀಸಿನವರಿರಲಿ, ಲಿನಕ್ಸ್ ವಿಷಯಕ್ಕೆ ಫೋನ್ ಮಾಡಿದರೆ ಬಹುತೇಕ ಇದೇ ಮಾತು. ಇಂಥ ಕಡೆ ಸಾಮಾನ್ಯವಾಗಿ ಕಂಪ್ಯೂಟರೂ ಕೆಟ್ಟಿರುವುದಿಲ್ಲ, ನೆಟ್ಟೂ ಹೋಗಿರುವುದಿಲ್ಲ. ನಡುವೆ ಒಂದು ಪ್ರಾಕ್ಸಿ, ಅಂದರೆ ನಿಮ್ಮ ಬದಲು ಇಂಟರ್‌ನೆಟ್‌ಗೆ ಹೋಗಿ ಬರುವ ಯಂತ್ರ, ಇರುತ್ತದೆ. ಅದು ಬ್ರೌಸರ್‌ಗೆ ಗೊತ್ತು, ಟರ್ಮಿನಲ್‌ಗೆ ಗೊತ್ತಿಲ್ಲ.

ಪ್ರಾಕ್ಸಿ ಅಂದರೆ ಪೇಟೆಗೆ ಹೊರಟವರ ಕೈಗೆ ಸಾಮಾನಿನ ಚೀಟಿ ಕೊಟ್ಟು ಕಳಿಸಿದ ಹಾಗೆ. ಅಂಗಡಿಯ ದಾರಿ ನಿಮಗೆ ಗೊತ್ತಿರಬೇಕಾಗಿಲ್ಲ, ಹೋಗುವವರಿಗೆ ಗೊತ್ತಿದ್ದರೆ ಸಾಕು. ಆದರೆ ಚೀಟಿ ಯಾರ ಕೈಗೆ ಕೊಡಬೇಕು ಅನ್ನುವುದು ನಿಮಗೆ ಗೊತ್ತಿರಲೇಬೇಕು.

ಆದ್ದರಿಂದ ತಪ್ಪು ಸಂದೇಶ ಬಂದಾಗ ಅದನ್ನು ಹೇಳಿದವರು ಮೂವರಲ್ಲಿ ಒಬ್ಬರು: ನಿಮ್ಮ ಕಂಪ್ಯೂಟರ್, ನಡುವಿನ ಪ್ರಾಕ್ಸಿ, ಇಲ್ಲವೇ ದೂರದ ಸರ್ವರ್. ಯಾರು ಹೇಳಿದ್ದು ಅಂತ ತಿಳಿಯುವ ಮೊದಲು ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಸಿಕ್ಕಿದ್ದನ್ನೆಲ್ಲಾ ಬದಲಾಯಿಸುತ್ತಾ ಹೋದರೆ ಒಂದು ದೋಷದ ಜಾಗದಲ್ಲಿ ನಾಲ್ಕು ಆಗುತ್ತವೆ.

ಇಲ್ಲಿ ಆಜ್ಞೆಗಳನ್ನು ಓದುವ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು, ಹೆಚ್ಚಾಗಿ ಎಲ್ಲವೂ ಸಣ್ಣಕ್ಷರ. ಉದಾಹರಣೆಗೆ ಪ್ರಾಕ್ಸಿಯ ವಿಳಾಸ 10.0.0.5, ಪೋರ್ಟ್ (ಆ ಯಂತ್ರದ ಬಾಗಿಲಿನ ನಂಬರ್ ಇದ್ದ ಹಾಗೆ) 3128 ಅಂತ ಇಟ್ಟುಕೊಂಡಿದ್ದೇನೆ. ನಿಮ್ಮಲ್ಲಿ ಬೇರೆ ಇರುತ್ತದೆ. ಸ್ಕ್ವಿಡ್ ಅನ್ನುವ ಪ್ರಾಕ್ಸಿ ಪ್ರೋಗ್ರಾಂ ಬಳಸುವ ಕಡೆ 3128 ಮಾಮೂಲಿ, ಉಳಿದ ಕಡೆ 8080 ಜಾಸ್ತಿ. ಉಬುಂಟು, ಡೆಬಿಯನ್ ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಏನೂ ಖರ್ಚಿಲ್ಲದ ನಾಲ್ಕು ನೋಟ

ಮೊದಲು ಲ್ಯಾನ್ ಕೇಬಲ್ ಚುಚ್ಚುವ ಜಾಗದ ದೀಪ ನೋಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮೋಡೆಮ್, ಸ್ವಿಚ್, ಲ್ಯಾನ್ ಪೋರ್ಟ್ ಸುಟ್ಟುಹೋಗುವುದು ಹೊಸದೇನಲ್ಲ. ದೀಪವೇ ಇಲ್ಲದಿದ್ದರೆ ಪ್ರಾಕ್ಸಿಯ ಮಾತು ಆಮೇಲೆ. ಗುಡುಗುವಾಗ ಮಾತ್ರ ಕೇಬಲ್ ಮುಟ್ಟಲು ಹೋಗಬೇಡಿ. ಮಳೆ ನಿಂತ ಮೇಲೆ ನೋಡಿದರೆ ಏನೂ ನಷ್ಟವಿಲ್ಲ.

ಎರಡನೆಯದು, ಬ್ರೌಸರ್‌ನಲ್ಲಿ ಯಾವುದಾದರೂ ಹೊಸ ಪುಟ ತೆರೆಯಿರಿ. ಹಾಸ್ಟೆಲ್ ವೈಫೈನ ಲಾಗಿನ್ ಪುಟ ಎದುರಾದರೆ ನಿಮ್ಮ ಲಾಗಿನ್ ಅವಧಿ ಮುಗಿದಿದೆ, ಅಷ್ಟೇ. ಲಾಗಿನ್ ಆಗಿ ಮತ್ತೆ ಪ್ರಯತ್ನಿಸಿ.

ಮೂರನೆಯದು ಗಡಿಯಾರ. ಹಳೆಯ ಕಂಪ್ಯೂಟರ್‌ನ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ ತಾರೀಕು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಮಳೆಗಾಲದಲ್ಲಿ ಇದು ಬಹಳ. ತಾರೀಕು ತಪ್ಪಿದರೆ ಸರ್ಟಿಫಿಕೇಟ್‌ಗಳೆಲ್ಲಾ (ತಾಣ ಅಸಲಿ ಅಂತ ತೋರಿಸುವ ಗುರುತುಪತ್ರಗಳು) "ಇನ್ನೂ ಜಾರಿಗೆ ಬಂದಿಲ್ಲ" ಅನ್ನುತ್ತವೆ. ಉಬುಂಟು, ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಹಾಕುವ ಆಪ್ಟ್ ಕೂಡ "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಅನ್ನುತ್ತದೆ. ಟೈಮ್‌ಡೇಟ್‌ಸಿಟಿಎಲ್ ಅಂತ ಟೈಪ್ ಮಾಡಿದರೆ ಸಮಯ ಕಾಣುತ್ತದೆ. ಇಂಟರ್‌ನೆಟ್‌ನಿಂದ ಸಮಯ ತರುವ ಎನ್‌ಟಿಪಿ ಯುಡಿಪಿ 123 ಪೋರ್ಟ್‌ನಲ್ಲಿ ಹೋಗುತ್ತದೆ. ವೆಬ್ ಪ್ರಾಕ್ಸಿ ಅದನ್ನು ಒಯ್ಯುವುದಿಲ್ಲ. ಅದಕ್ಕೇ ಇಂಥ ಕಡೆ ಗಡಿಯಾರ ತಾನಾಗಿ ಸರಿಹೋಗದೆ ಉಳಿಯುತ್ತದೆ, ಕೈಯಿಂದಲೇ ಸರಿಮಾಡಬೇಕು.

ನಾಲ್ಕನೆಯದು, ನಿಮ್ಮ ಸ್ವಂತ ಲ್ಯಾಪ್‌ಟಾಪ್ ಆಗಿದ್ದರೆ ಫೋನಿನ ಹಾಟ್‌ಸ್ಪಾಟ್‌ಗೆ ಹಾಕಿ ನೋಡಿ. ಅಲ್ಲಿ ಇನ್‌ಸ್ಟಾಲ್ ಆದರೆ ತೊಂದರೆ ಪ್ರಾಕ್ಸಿ ದಾರಿಯಲ್ಲೇ ಇದೆ. ಅಲ್ಲೂ ಆಗದಿದ್ದರೆ ಹಳೆಯ ಪ್ರಾಕ್ಸಿ ಸೆಟ್ಟಿಂಗ್ ಒಳಗೆ ಉಳಿದಿರಬಹುದು, ಅದನ್ನು ಮುಂದೆ ನೋಡೋಣ. ಆಫೀಸಿನ ಕಂಪ್ಯೂಟರನ್ನು ಮಾತ್ರ ಕೇಳದೆ ಹಾಟ್‌ಸ್ಪಾಟ್‌ಗೆ ಹಾಕಬೇಡಿ. ಒಳಗಿನ ನೆಟ್‌ವರ್ಕ್‌ಗೂ ಹೊರಗಿನದಕ್ಕೂ ಒಂದೇ ಕಂಪ್ಯೂಟರ್ ಒಟ್ಟಿಗೆ ಸೇರಿದರೆ ಇಡೀ ಆಫೀಸಿಗೆ ಬಾಗಿಲು ತೆಗೆದಂತೆ ಆಗುತ್ತದೆ.

ಒಂದು ಪರೀಕ್ಷೆಯನ್ನು ಬೇಕಂತಲೇ ಬಿಟ್ಟಿದ್ದೇನೆ: ಪಿಂಗ್, ಅಂದರೆ ಒಂದು ವಿಳಾಸ ಉತ್ತರ ಕೊಡುತ್ತದಾ ಅಂತ ಕೇಳುವ ಆಜ್ಞೆ. ಪ್ರಾಕ್ಸಿ ಹಿಂದೆ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿ, ಉತ್ತರ ಬರಲಿಲ್ಲ ಅಂತ ಗಾಬರಿಯಾಗುವವರು ಬಹಳ ಜನ. ವೆಬ್ ಪ್ರಾಕ್ಸಿ ಪಿಂಗನ್ನು ಒಯ್ಯುವುದೇ ಇಲ್ಲ. ಹೊರಗಿನ ಹೆಸರಿಗೆ ಐಪಿ ಹುಡುಕುವ ಕೆಲಸವೂ ಪ್ರಾಕ್ಸಿಯದ್ದೇ. ಹಾಗಾಗಿ ಪಿಂಗ್ ಸೋತರೂ ಎಲ್ಲವೂ ಸರಿಯಿರಬಹುದು. ಅದನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ಲಕ್ಷಣ: ಬ್ರೌಸರ್‌ನಲ್ಲಿ ಬರುತ್ತದೆ, ಟರ್ಮಿನಲ್‌ನಲ್ಲಿ "ಕುಡ್ ನಾಟ್ ರಿಸಾಲ್ವ್ ಹೋಸ್ಟ್"

ಇದನ್ನು ಹೇಳುತ್ತಿರುವುದು ನಿಮ್ಮ ಕಂಪ್ಯೂಟರ್. ಅದು ಪ್ರಾಕ್ಸಿಯನ್ನು ಕೇಳದೆ ತಾನೇ ನೇರವಾಗಿ ಹೊರಗೆ ಹೋಗಲು ನೋಡಿದೆ. ವೆಬ್ ವಿಳಾಸದಿಂದ ಪುಟ, ಕಡತ ತರುವ ಕರ್ಲ್ ಆಜ್ಞೆಯಲ್ಲಿ ಇದು 6ನೇ ನಂಬರಿನ ತಪ್ಪು. ಪಕ್ಕದ 5ನೇ ನಂಬರ್ ಬಂದರೆ ಕಥೆ ಬೇರೆ: ಪ್ರಾಕ್ಸಿ ಇದೆ ಅಂತ ಗೊತ್ತಿದೆ, ಆದರೆ ಪ್ರಾಕ್ಸಿಯ ಹೆಸರೇ ಸಿಗುತ್ತಿಲ್ಲ. ಒಂದಂಕಿ ವ್ಯತ್ಯಾಸ, ಮದ್ದು ಪೂರ್ತಿ ಬೇರೆ.

ಈಗ ಟರ್ಮಿನಲ್‌ಗೆ ಏನು ಗೊತ್ತಿದೆ ನೋಡಿ:

ಎನ್ವ್ | ಗ್ರೆಪ್ -ಐ ಪ್ರಾಕ್ಸಿ

ಏನೂ ಬರದಿದ್ದರೆ ಟರ್ಮಿನಲ್‌ಗೆ ಪ್ರಾಕ್ಸಿಯ ಸುದ್ದಿಯೇ ತಲುಪಿಲ್ಲ. ಹೀಗೆ ಹೇಳಿ:

ಎಕ್ಸ್‌ಪೋರ್ಟ್ ಎಚ್‌ಟಿಟಿಪಿ_ಪ್ರಾಕ್ಸಿ=ಎಚ್‌ಟಿಟಿಪಿ://10.0.0.5:3128
ಎಕ್ಸ್‌ಪೋರ್ಟ್ ಎಚ್‌ಟಿಟಿಪಿಎಸ್_ಪ್ರಾಕ್ಸಿ=ಎಚ್‌ಟಿಟಿಪಿ://10.0.0.5:3128
ಎಕ್ಸ್‌ಪೋರ್ಟ್ ನೋ_ಪ್ರಾಕ್ಸಿ=ಲೋಕಲ್‌ಹೋಸ್ಟ್,127.0.0.1

ಎರಡನೇ ಸಾಲನ್ನು ಇನ್ನೊಂದು ಸಲ ಓದಿ. ಎಡಗಡೆ ಎಚ್‌ಟಿಟಿಪಿಎಸ್, ಬಲಗಡೆ ಎಚ್‌ಟಿಟಿಪಿ. ಅದು ಅಚ್ಚಿನ ತಪ್ಪಲ್ಲ. ಎಡಗಡೆಯದು ಯಾವ ಥರದ ವಿಳಾಸಕ್ಕೆ ಹೋಗಬೇಕು ಅನ್ನುವುದು. ಬಲಗಡೆಯದು ಪ್ರಾಕ್ಸಿಯ ಜೊತೆ ಹೇಗೆ ಮಾತಾಡಬೇಕು ಅನ್ನುವುದು. ಬಹುತೇಕ ಪ್ರಾಕ್ಸಿಗಳು ಸಾದಾ ಎಚ್‌ಟಿಟಿಪಿಯಲ್ಲೇ ಕೇಳುತ್ತವೆ. ಚೆಂದಕ್ಕೆ ಎರಡೂ ಕಡೆ ಎಚ್‌ಟಿಟಿಪಿಎಸ್ ಮಾಡಿದರೆ, ಪೈಥಾನ್ ಭಾಷೆಯ ಪ್ಯಾಕೇಜ್ ಹಾಕುವ ಪಿಪ್ "ರಾಂಗ್ ವರ್ಷನ್ ನಂಬರ್" ಅನ್ನುವ ಎಸ್‌ಎಸ್‌ಎಲ್ ತಪ್ಪು ತೋರಿಸುತ್ತದೆ. ಆ ಮಾತು ಓದಿ ಪೈಥಾನ್‌ನ ಆವೃತ್ತಿ ಬದಲಾಯಿಸಲು ಹೊರಡಬೇಡಿ. ಬೇಕಿರುವುದು ಒಂದಕ್ಷರ ತೆಗೆಯುವುದು ಮಾತ್ರ.

ಹೆಸರು ಸಣ್ಣಕ್ಷರದಲ್ಲೇ ಇರಲಿ. ಎಚ್‌ಟಿಟಿಪಿ_ಪ್ರಾಕ್ಸಿಯನ್ನು ದೊಡ್ಡಕ್ಷರದಲ್ಲಿ ಬರೆದರೆ ಕರ್ಲ್ ಅದನ್ನು ಬೇಕಂತಲೇ ನೋಡುವುದಿಲ್ಲ, ಭದ್ರತೆಗಾಗಿ ಹಾಗೆ ಮಾಡಿದ್ದಾರೆ. ಇನ್ನು ಕೆಲವು ಸಾಧನಗಳು ದೊಡ್ಡಕ್ಷರದ್ದನ್ನೇ ಹುಡುಕುತ್ತವೆ. ಸಣ್ಣದರಲ್ಲಿ ಆಗಲಿಲ್ಲ ಅಂದರೆ ಎರಡನ್ನೂ ಕೊಡಿ.

ಪ್ರಾಕ್ಸಿ ವಿಳಾಸ ಗೊತ್ತಿಲ್ಲವಾ? ಬ್ರೌಸರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಅಲ್ಲಿ ವಿಳಾಸದ ಬದಲು ಕೊನೆಯಲ್ಲಿ "ಪ್ಯಾಕ್" ಅಂತಿರುವ ಕೊಂಡಿ ಇದ್ದರೆ ಅದು ಪ್ರಾಕ್ಸಿ ಅಲ್ಲ, ಪ್ರಾಕ್ಸಿ ಎಲ್ಲಿದೆ ಅಂತ ಹೇಳುವ ಸಣ್ಣ ಕಡತ. ಬ್ರೌಸರ್ ಅದನ್ನು ಓದಿಕೊಳ್ಳುತ್ತದೆ, ಆಪ್ಟ್, ಪಿಪ್, ಕರ್ಲ್ ಓದುವುದಿಲ್ಲ. ಕೊಂಡಿಯನ್ನು ಬ್ರೌಸರ್‌ನಲ್ಲಿ ತೆರೆದು, ಇಳಿದ ಕಡತವನ್ನು ನೋಟ್‌ಪ್ಯಾಡ್ ಥರದ್ದರಲ್ಲಿ ನೋಡಿ. ಒಳಗೆ "ಪ್ರಾಕ್ಸಿ" ಅನ್ನುವ ಪದದ ಪಕ್ಕ ವಿಳಾಸ, ಪೋರ್ಟ್ ಎರಡೂ ಇರುತ್ತವೆ.

ಲಕ್ಷಣ: "ಕನೆಕ್ಷನ್ ರೆಫ್ಯೂಸ್ಡ್" ಅಥವಾ ಸುಮ್ನೆ ನಿಂತು ಕೊನೆಗೆ "ಟೈಮ್ಡ್ ಔಟ್"

ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಒಂದೇ ಅಲ್ಲ.

ರೆಫ್ಯೂಸ್ಡ್ ಅಂದರೆ ಆ ವಿಳಾಸದಲ್ಲಿ ಯಂತ್ರ ಇದೆ, ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರಿಲ್ಲ. ಪೋರ್ಟ್ ಅಂಕಿ ತಪ್ಪಿರಬಹುದು. ಕರೆಂಟ್ ಹೋಗಿ ಬಂದ ಮೇಲೆ ಪ್ರಾಕ್ಸಿ ಯಂತ್ರ ಎದ್ದಿದೆ, ಅದರೊಳಗಿನ ಪ್ರೋಗ್ರಾಂ ಎದ್ದಿಲ್ಲ, ಹಾಗೂ ಇರಬಹುದು. ಟೈಮ್ಡ್ ಔಟ್ ಅಂದರೆ ಉತ್ತರವೇ ಇಲ್ಲ. ಐಪಿ ತಪ್ಪು, ನೀವು ಬೇರೆ ವೈಫೈಗೆ ಸೇರಿದ್ದೀರಿ, ಇಲ್ಲವೇ ನಡುವೆ ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲು) ಚೀಟಿಯನ್ನೇ ನುಂಗುತ್ತಿದೆ.

ಎನ್‌ಸಿ -ವಿಝಡ್ 10.0.0.5 3128

"ಸಕ್ಸೀಡೆಡ್" ಬಂದರೆ ಪ್ರಾಕ್ಸಿಯವರೆಗಿನ ದಾರಿ ಸರಿ. ಬರದಿದ್ದರೆ ಪಕ್ಕದವರ ಕಂಪ್ಯೂಟರ್‌ನಲ್ಲಿ ಇದನ್ನೇ ಮಾಡಿ ನೋಡಿ. ಅವರಲ್ಲೂ ಇಲ್ಲ ಅಂದರೆ ಅದು ನಿಮ್ಮ ಕೈಯಲ್ಲಿಲ್ಲ. ಪ್ರಾಕ್ಸಿ ನೋಡಿಕೊಳ್ಳುವ ಅಡ್ಮಿನ್ ಅವರಿಗೆ ತಿಳಿಸಿ.

ಎಲ್ಲಾ ಸಂದೇಹಕ್ಕೂ ಒಂದು ಪರೀಕ್ಷೆ

ಪ್ರಾಕ್ಸಿವರೆಗೆ ದಾರಿ ಇದೆ ಅಂತಾದ ಮೇಲೆ ನಾನು ಯಾವಾಗಲೂ ಇದನ್ನೇ ಓಡಿಸುವುದು. ಎಲ್ಲಿ ತಡೆ ಆಗಿದೆ ಅಂತ ಇದರಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸುವುದಿಲ್ಲ:

ಕರ್ಲ್ -ವಿ -ಓ /ಡೆವ್/ನಲ್ ಎಚ್‌ಟಿಟಿಪಿಎಸ್://ಪೈಪಿಐ.ಆರ್ಗ್

ಪೈಪಿಐ.ಆರ್ಗ್ ಅಂದರೆ ಪಿಪ್ ಪ್ಯಾಕೇಜುಗಳ ಪಟ್ಟಿ ಇರುವ ತಾಣ. ಪರದೆ ತುಂಬ ಸಾಲು ಬರುತ್ತದೆ. ಮೇಲಿಂದ ಕೆಳಗೆ ನಿಧಾನವಾಗಿ ಓದಿ. ಮೊದಲು "ಟ್ರೈಯಿಂಗ್ 10.0.0.5:3128" ಅಂತ ಬರಬೇಕು. ಅಲ್ಲಿ ಬೇರೆ ಐಪಿ ಕಂಡರೆ ಕರ್ಲ್ ಪ್ರಾಕ್ಸಿಯ ಕಡೆ ಹೋಗುತ್ತಲೇ ಇಲ್ಲ. ಆಮೇಲೆ ಬಾಣದ ಗುರುತಿನ ಜೊತೆ "ಕನೆಕ್ಟ್ ಪೈಪಿಐ.ಆರ್ಗ್:443". ನೀವು ಪ್ರಾಕ್ಸಿಗೆ ಕೊಟ್ಟ ಚೀಟಿ ಅದೇ. ಅದಕ್ಕೆ ಪ್ರಾಕ್ಸಿಯ ಉತ್ತರ ಮುಂದಿನ ಸಾಲಿನಲ್ಲಿ. 200 ಇದ್ದರೆ ಒಪ್ಪಿದೆ. 407 ಇದ್ದರೆ "ನೀವ್ಯಾರು?" ಅಂತ ಕೇಳುತ್ತಿದೆ. 403 ಇದ್ದರೆ ಆ ವಿಳಾಸಕ್ಕೆ ಅನುಮತಿ ಇಲ್ಲ. 502, 503, 504 ಇದ್ದರೆ ಪ್ರಾಕ್ಸಿಗೇ ಹೊರಗೆ ಹೋಗಲು ಆಗುತ್ತಿಲ್ಲ.

ಅದಾದ ಮೇಲೆ ಸರ್ಟಿಫಿಕೇಟ್‌ನ ಸಾಲುಗಳು. ಅದರಲ್ಲಿ "ಇಶ್ಯೂಯರ್" (ಅದಕ್ಕೆ ಸಹಿ ಹಾಕಿದವರು) ಅನ್ನುವ ಸಾಲು ಕಂಡರೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೊನೆಗೆ ಇನ್ನೊಂದು 200 ಬರುತ್ತದೆ. ಮೊದಲ 200 ಪ್ರಾಕ್ಸಿಯದ್ದು, ಎರಡನೆಯದು ದೂರದ ಸರ್ವರ್‌ನದ್ದು. ಎರಡೂ ಬಂದರೆ ನೆಟ್‌ವರ್ಕ್ ದಾರಿ ಪೂರ್ತಿ ಸರಿ, ತೊಂದರೆ ನೀವು ಬಳಸುತ್ತಿರುವ ಸಾಧನದ ಸೆಟ್ಟಿಂಗ್‌ನಲ್ಲಿದೆ.

ಲಕ್ಷಣ: ಕರ್ಲ್ ಆಗುತ್ತದೆ, ಸುಡೊ ಆಪ್ಟ್ ಆಗುವುದಿಲ್ಲ

ಸುಡೊ ಅಂದರೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಆಜ್ಞೆ ಓಡಿಸುವುದು. ಅದನ್ನು ಹಾಕಿದ ಕೂಡಲೇ ನೀವು ಎಕ್ಸ್‌ಪೋರ್ಟ್ ಮಾಡಿದ್ದು ಹೊರಗೇ ಉಳಿಯುತ್ತದೆ. ರೂಟ್ ಬಳಕೆದಾರನಿಗೆ ನಿಮ್ಮ ಪರಿಸರದ ಮೌಲ್ಯಗಳನ್ನು ದಾಟಿಸದಿರುವುದು ಸುಡೊದ ಮಾಮೂಲಿ ನಡೆ. ಭದ್ರತೆಗೆ ಅದೇ ಸರಿ. ಹಾಗಾಗಿ ಆಪ್ಟ್‌ಗೆ ಬೇರೆಯಾಗಿ ಹೇಳಬೇಕು. ಮೊದಲು ಒಂದೇ ಸಲಕ್ಕೆ ಪ್ರಯೋಗ ಮಾಡಿ:

ಸುಡೊ ಆಪ್ಟ್ -ಓ ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ=ಎಚ್‌ಟಿಟಿಪಿ://10.0.0.5:3128 ಅಪ್‌ಡೇಟ್

ಇದು ಆದರೆ ಮಾತ್ರ ಕಾಯಂ ಮಾಡಿ. /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ/ ಒಳಗೆ 95ಪ್ರಾಕ್ಸಿ ಅನ್ನುವ ಕಡತ ಮಾಡಿ ಈ ಎರಡು ಸಾಲು ಬರೆಯಿರಿ:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://10.0.0.5:3128/";
ಅಕ್ವೈರ್::ಎಚ್‌ಟಿಟಿಪಿಎಸ್::ಪ್ರಾಕ್ಸಿ "ಎಚ್‌ಟಿಟಿಪಿ://10.0.0.5:3128/";

ಕೊನೆಯ ಅರ್ಧವಿರಾಮ ಬಿಡಬೇಡಿ. ಬಿಟ್ಟರೆ "ಎಕ್ಸ್‌ಟ್ರಾ ಜಂಕ್ ಅಟ್ ಎಂಡ್ ಆಫ್ ಫೈಲ್" ಅಂತ ಬರುತ್ತದೆ, ಆಮೇಲೆ ಆಪ್ಟ್‌ನ ಯಾವ ಆಜ್ಞೆಯೂ ನಡೆಯುವುದಿಲ್ಲ. ವರ್ಡ್ ಕಡತದಿಂದ ಕಾಪಿ ಮಾಡಿದರೆ ನೇರ ಉದ್ಧರಣ ಚಿಹ್ನೆಯ ಜಾಗದಲ್ಲಿ ಬಾಗಿದ್ದು ಬಂದಿರುತ್ತದೆ. ಅದೂ ಆಗದು. ಕೈಯಿಂದಲೇ ಟೈಪ್ ಮಾಡಿ.

ಸಾಫ್ಟ್‌ವೇರ್ ಹಾಕುವ ಸ್ನ್ಯಾಪ್, ಪ್ರೋಗ್ರಾಂಗಳನ್ನು ಕಂಟೇನರ್‌ನಲ್ಲಿ ಓಡಿಸುವ ಡಾಕರ್ ಎರಡಕ್ಕೂ ಇದೇ ರೋಗ. ಕೆಲಸ ಮಾಡುವುದು ಹಿನ್ನೆಲೆಯಲ್ಲಿ ಓಡುವ ಸೇವೆ, ನಿಮ್ಮ ಟರ್ಮಿನಲ್ ಅಲ್ಲ. ಸ್ನ್ಯಾಪ್‌ಗೆ "ಸುಡೊ ಸ್ನ್ಯಾಪ್ ಸೆಟ್ ಸಿಸ್ಟಮ್ ಪ್ರಾಕ್ಸಿ.ಎಚ್‌ಟಿಟಿಪಿ=" ಅಂತ ಬರೆದು ಮುಂದೆ ವಿಳಾಸ ಕೊಡಿ, ಪ್ರಾಕ್ಸಿ.ಎಚ್‌ಟಿಟಿಪಿಎಸ್‌ಗೂ ಹಾಗೇ. ಡಾಕರ್‌ಗೆ ಅದರ ಸಿಸ್ಟಮ್‌ಡಿ (ಹಿನ್ನೆಲೆ ಸೇವೆಗಳನ್ನು ನಡೆಸುವ ಪ್ರೋಗ್ರಾಂ) ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ ಹೇಳಿ, ಸೇವೆಯನ್ನು ಮತ್ತೆ ಶುರುಮಾಡಬೇಕು.

ಲಕ್ಷಣ: 407, ಪ್ರಾಕ್ಸಿ ಅಥೆಂಟಿಕೇಶನ್ ರಿಕ್ವೈರ್ಡ್

ಹೇಳುತ್ತಿರುವುದು ಪ್ರಾಕ್ಸಿ. ದಾರಿ ಸರಿಯಿದೆ, ಗುರುತು ಬೇಕು. ಮೊದಲು ಕರ್ಲ್‌ನಲ್ಲಿ ನೋಡಿ. "--ಪ್ರಾಕ್ಸಿ-ಯೂಸರ್" ಮುಂದೆ ನಿಮ್ಮ ಹೆಸರು ಮಾತ್ರ ಕೊಟ್ಟರೆ ಪಾಸ್‌ವರ್ಡ್ ಅನ್ನು ಅದೇ ಕೇಳುತ್ತದೆ. ಹಾಗೆ ಕೊಟ್ಟರೆ ಪಾಸ್‌ವರ್ಡ್ ಪರದೆಯಲ್ಲೂ ಕಾಣದು, ಆಜ್ಞೆಗಳ ಇತಿಹಾಸದಲ್ಲೂ ಉಳಿಯದು.

ಅಲ್ಲಿ ಆಗಿ, ವಿಳಾಸದೊಳಗೆ ಹೆಸರು, ಪಾಸ್‌ವರ್ಡ್ ಬರೆದಾಗ ಮಾತ್ರ ಸೋತರೆ ಪಾಸ್‌ವರ್ಡ್‌ನ ಚಿಹ್ನೆಗಳನ್ನು ಅನುಮಾನಿಸಿ. ಪಾಸ್‌ವರ್ಡ್‌ನಲ್ಲಿ @ ಇದ್ದರೆ, ಪ್ರಾಕ್ಸಿ ವಿಳಾಸ ಅಲ್ಲಿಂದಲೇ ಶುರು ಅಂತ ಸಾಧನ ತಿಳಿಯುತ್ತದೆ. ಅದರ ಬದಲು %40 ಬರೆಯಿರಿ. # ಇದ್ದರೆ %23. ಇಡೀ ವಿಳಾಸವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ! ಮತ್ತು $ ಕಾಟವೂ ತಪ್ಪುತ್ತದೆ.

ಪಾಸ್‌ವರ್ಡ್ ಸರಿಯಿದ್ದೂ 407 ಬರುತ್ತಲೇ ಇದ್ದರೆ, ಕರ್ಲ್ -ವಿ ಉತ್ತರದಲ್ಲಿ "ಪ್ರಾಕ್ಸಿ-ಅಥೆಂಟಿಕೇಟ್" ಅನ್ನುವ ಸಾಲು ನೋಡಿ. ಅಲ್ಲಿ "ಬೇಸಿಕ್" ಇದ್ದರೆ ಮೇಲಿನದು ಸಾಕು. "ಎನ್‌ಟಿಎಲ್‌ಎಂ" ಅಥವಾ "ನೆಗೋಶಿಯೇಟ್" ಮಾತ್ರ ಇದ್ದರೆ ಅದು ವಿಂಡೋಸ್ ಮಾದರಿಯ ಗುರುತು. ಪಿಪ್, ಆಪ್ಟ್‌ಗೆ ವಿಳಾಸದಲ್ಲಿ ಪಾಸ್‌ವರ್ಡ್ ತುರುಕಿದರೆ ಅದು ನಡೆಯುವುದಿಲ್ಲ. ಎನ್‌ಟಿಎಲ್‌ಎಂ ಆದರೆ ಸಿಎನ್‌ಟಿಎಲ್‌ಎಂ ಅನ್ನುವ ಸಣ್ಣ ಪ್ರೋಗ್ರಾಂ ನಿಮ್ಮ ಕಂಪ್ಯೂಟರ್‌ನಲ್ಲೇ ಕೂತು ಆ ಮಾತುಕತೆ ನಡೆಸುತ್ತದೆ. ಅದನ್ನು ಹಾಕುವ ಮೊದಲು ಅಡ್ಮಿನ್ ಅವರನ್ನು ಕೇಳಿ.

ಇಲ್ಲಿ ಎಚ್ಚರ ಬೇಕು. ನಾಲ್ಕು ಜನ ಬಳಸುವ ಲ್ಯಾಬ್ ಕಂಪ್ಯೂಟರ್‌ನ ಆಪ್ಟ್ ಕಡತದಲ್ಲಿ ನಿಮ್ಮ ಪಾಸ್‌ವರ್ಡ್ ಬರೆದಿಡಬೇಡಿ. ಆ ಕಡತವನ್ನು ಸಾಮಾನ್ಯವಾಗಿ ಯಾರು ಬೇಕಾದರೂ ಓದಬಹುದು. ಎಷ್ಟೋ ಕಾಲೇಜುಗಳಲ್ಲಿ ಪ್ರಾಕ್ಸಿ, ಮೇಲ್, ಫಲಿತಾಂಶ ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ಹಾಗಾಗಿ ನಷ್ಟ ಪ್ರಾಕ್ಸಿಗಷ್ಟೇ ನಿಲ್ಲುವುದಿಲ್ಲ. ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಕೊಟ್ಟರೆ ಖಾತೆ ಲಾಕ್ ಆಗುವ ಕಡೆಗಳೂ ಇವೆ. ಎರಡು ಸಲ ಸೋತರೆ ನಿಲ್ಲಿಸಿ, ಕೇಳಿ.

ಲಕ್ಷಣ: ಸರ್ಟಿಫಿಕೇಟ್ ವೆರಿಫೈ ಫೇಲ್ಡ್

ಪಿಪ್‌ನಲ್ಲಿ "ಸರ್ಟಿಫಿಕೇಟ್_ವೆರಿಫೈ_ಫೇಲ್ಡ್", ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಹಾಕುವ ಎನ್‌ಪಿಎಂನಲ್ಲಿ "ಸೆಲ್ಫ್_ಸೈನ್ಡ್_ಸರ್ಟ್_ಇನ್_ಚೈನ್", ಕರ್ಲ್‌ನಲ್ಲಿ 60ನೇ ತಪ್ಪು. ಗಡಿಯಾರ ಸರಿಯಿದೆ ಅಂತ ಮೊದಲೇ ನೋಡಿದ್ದೀರಿ. ಈಗ ಬರೆದಿಟ್ಟ "ಇಶ್ಯೂಯರ್" ಸಾಲು ತೆಗೆಯಿರಿ. ಸರ್ಟಿಫಿಕೇಟ್ ಒಪ್ಪದಿದ್ದಾಗ ಕರ್ಲ್ ಆ ಸಾಲು ತೋರಿಸದೇ ನಿಲ್ಲಬಹುದು. ಹಾಗಾದರೆ ಬ್ರೌಸರ್‌ನಲ್ಲಿ ಅದೇ ತಾಣದ ಸರ್ಟಿಫಿಕೇಟ್ ತೆರೆದು ಇಶ್ಯೂಯರ್ ಯಾರು ಅಂತ ನೋಡಿ.

ಅಲ್ಲಿ ನಿಮ್ಮ ಸಂಸ್ಥೆಯ ಹೆಸರೋ, ಯಾವುದಾದರೂ ಫೈರ್‌ವಾಲ್ ಕಂಪನಿಯ ಹೆಸರೋ ಇದ್ದರೆ, ಪ್ರಾಕ್ಸಿ ನಡುವೆ ನಿಂತು ಎಚ್‌ಟಿಟಿಪಿಎಸ್ ಅನ್ನು ಬಿಚ್ಚಿ ನೋಡಿ, ತನ್ನ ಸಹಿ ಹಾಕಿ ಮತ್ತೆ ಮುಚ್ಚಿ ಕೊಡುತ್ತಿದೆ. ಬ್ರೌಸರ್‌ನಲ್ಲಿ ಆ ಸಹಿಯನ್ನು ಮೊದಲೇ ಸೇರಿಸಿರುತ್ತಾರೆ. ಟರ್ಮಿನಲ್ ಸಾಧನಗಳಿಗೆ ಅದರ ಪರಿಚಯ ಇಲ್ಲ. ಅವು ತಡೆಯುತ್ತಿರುವುದು ಸರಿಯಾಗಿಯೇ ಇದೆ.

ಇದಕ್ಕೆ ಎಲ್ಲರೂ ಹೇಳಿಕೊಡುವ ಅಡ್ಡದಾರಿ ಪಿಪ್‌ಗೆ "--ಟ್ರಸ್ಟೆಡ್-ಹೋಸ್ಟ್", ಎನ್‌ಪಿಎಂಗೆ "ಸ್ಟ್ರಿಕ್ಟ್-ಎಸ್‌ಎಸ್‌ಎಲ್ ಫಾಲ್ಸ್", ಕರ್ಲ್‌ಗೆ "-ಕೆ". ದಯವಿಟ್ಟು ಮಾಡಬೇಡಿ. ಪಿಪ್ ಇನ್‌ಸ್ಟಾಲ್ ಅಂದರೆ ದೂರದಿಂದ ಬಂದ ಕೋಡನ್ನು ನಿಮ್ಮ ಯಂತ್ರದಲ್ಲಿ ಓಡಿಸುವುದು. ಅದು ಎಲ್ಲಿಂದ ಬಂತು ಅಂತ ನೋಡುವ ಕಣ್ಣನ್ನೇ ಮುಚ್ಚಿದರೆ, ಅದೇ ವೈಫೈನಲ್ಲಿ ಕೂತ ಯಾರಾದರೂ ತಮ್ಮ ಕೋಡ್ ತೂರಿಸಬಹುದು. ಇವತ್ತಿನ ಕೆಲಸ ಆಯಿತು ಅಂತ ಆ ಸೆಟ್ಟಿಂಗನ್ನು ಯಾರೂ ತೆಗೆಯುವುದಿಲ್ಲ. ಅದು ವರ್ಷಗಟ್ಟಲೆ ಹಾಗೇ ಇರುತ್ತದೆ.

ಸರಿಯಾದ ದಾರಿ ದೂರದ್ದೇನಲ್ಲ. ಅಡ್ಮಿನ್ ಅವರ ಹತ್ತಿರ ಸಂಸ್ಥೆಯ ರೂಟ್ ಸರ್ಟಿಫಿಕೇಟ್ ಕೇಳಿ. ಅದು ಪೆಮ್ ರೂಪದಲ್ಲಿರಬೇಕು, ಅಂದರೆ ತೆರೆದು ನೋಡಿದರೆ ಮೊದಲ ಸಾಲಿನಲ್ಲಿ "ಬಿಗಿನ್ ಸರ್ಟಿಫಿಕೇಟ್" ಅಂತ ಇರುತ್ತದೆ. ಹೆಸರಿನ ಕೊನೆ .ಸಿಆರ್‌ಟಿ ಆಗಿರಲಿ. /ಯುಎಸ್‌ಆರ್/ಲೋಕಲ್/ಶೇರ್/ಸಿಎ-ಸರ್ಟಿಫಿಕೇಟ್ಸ್/ ಒಳಗೆ ಹಾಕಿ:

ಸುಡೊ ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್

"1 ಆ್ಯಡೆಡ್" ಅಂತ ಬರಬೇಕು. ಸೊನ್ನೆ ಬಂದರೆ ಹೆಸರಿನ ಕೊನೆ ತಪ್ಪಿದೆ. ಕರ್ಲ್, ಆಪ್ಟ್, ಗಿಟ್ (ಕೋಡಿನ ಆವೃತ್ತಿಗಳನ್ನು ಇಡುವ ಸಾಧನ) ಇಷ್ಟಕ್ಕೆ ಸರಿಹೋಗುತ್ತವೆ. ಪಿಪ್ 24.2 ರಿಂದ ಈಚೆಗೆ, ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದಿದ್ದರೆ, ಪಿಪ್ ಕೂಡ ಸಿಸ್ಟಮ್‌ನ ಪಟ್ಟಿಯನ್ನೇ ನೋಡುತ್ತದೆ. ಹಳೆಯ ಪಿಪ್‌ಗೆ "ಪಿಪ್ ಕಾನ್ಫಿಗ್ ಸೆಟ್ ಗ್ಲೋಬಲ್.ಸರ್ಟ್", ಎನ್‌ಪಿಎಂಗೆ "ಎನ್‌ಪಿಎಂ ಕಾನ್ಫಿಗ್ ಸೆಟ್ ಸಿಎಫೈಲ್" ಅಂತ ಕೊಟ್ಟು, ಮುಂದೆ /ಇಟಿಸಿ/ಎಸ್‌ಎಸ್‌ಎಲ್/ಸರ್ಟ್ಸ್/ಸಿಎ-ಸರ್ಟಿಫಿಕೇಟ್ಸ್.ಸಿಆರ್‌ಟಿ ದಾರಿ ಬರೆಯಿರಿ.

ಇಶ್ಯೂಯರ್ ಸಾಲಿನಲ್ಲಿ ನಿಮಗೂ ಅಡ್ಮಿನ್‌ಗೂ ಗೊತ್ತಿಲ್ಲದ ಹೆಸರು ಕಂಡರೆ ಅಲ್ಲಿಗೆ ನಿಲ್ಲಿಸಿ. ಆ ನೆಟ್‌ವರ್ಕ್‌ನಲ್ಲಿ ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ.

ಲಕ್ಷಣ: ಪಿಪ್ ಹೆಸರು ಹುಡುಕುತ್ತದೆ, ಇಳಿಸುವಾಗ ನಿಲ್ಲುತ್ತದೆ

ಪಿಪ್ ಎರಡು ಮನೆಗೆ ಹೋಗುತ್ತದೆ. ಪ್ಯಾಕೇಜಿನ ಪಟ್ಟಿ ಪೈಪಿಐ.ಆರ್ಗ್‌ನಲ್ಲಿ, ಕಡತ ಫೈಲ್ಸ್.ಪೈಥಾನ್‌ಹೋಸ್ಟೆಡ್.ಆರ್ಗ್‌ನಲ್ಲಿ. ಅಡ್ಮಿನ್ ಮೊದಲನೆಯದಕ್ಕೆ ಮಾತ್ರ ಅನುಮತಿ ಕೊಟ್ಟಿದ್ದರೆ ಹೀಗೇ ಆಗುತ್ತದೆ. ಎರಡನೇ ವಿಳಾಸಕ್ಕೂ ಕರ್ಲ್ ಪರೀಕ್ಷೆ ಮಾಡಿ. 403 ಬಂದರೆ ಉತ್ತರ ಸಿಕ್ಕಿತು. ಗಿಟ್‌ಹಬ್‌ನಿಂದ ಇಳಿಸುವ ಕಡತಗಳೂ ಹೀಗೇ ಗಿಟ್‌ಹಬ್‌ಯೂಸರ್‌ಕಂಟೆಂಟ್.ಕಾಮ್‌ನ ಬೇರೆ ಬೇರೆ ಹೆಸರಿಂದ ಬರುತ್ತವೆ.

ಪಿಪ್‌ನ ಕೊನೆಯ ಸಾಲು ಜನರನ್ನು ಬಹಳ ದಾರಿ ತಪ್ಪಿಸುತ್ತದೆ. "ಕುಡ್ ನಾಟ್ ಫೈಂಡ್ ಎ ವರ್ಷನ್" ಅಂತ ಕೆಂಪಕ್ಷರದಲ್ಲಿ ಬಂದಾಗ ಪ್ಯಾಕೇಜಿನ ಹೆಸರು ತಪ್ಪಿರಬೇಕು ಅಂತ ಹುಡುಕಲು ಕೂರುತ್ತಾರೆ. ಅದರ ಮೇಲೆ "ರಿಟ್ರೈಯಿಂಗ್" ಅಂತ ಸಾಲು ಸಾಲು ಇದ್ದರೆ ಹೆಸರು ಸರಿಯಾಗೇ ಇದೆ, ಪಟ್ಟಿಯೇ ಸಿಕ್ಕಿಲ್ಲ. ತಪ್ಪು ಸಂದೇಶವನ್ನು ಯಾವಾಗಲೂ ಮೊದಲ ಸಾಲಿನಿಂದ ಓದಿ. "ಎಕ್ಸ್‌ಟರ್ನಲಿ-ಮ್ಯಾನೇಜ್ಡ್-ಎನ್ವಿರಾನ್ಮೆಂಟ್" ಬಂದರೆ ಅದಕ್ಕೂ ಪ್ರಾಕ್ಸಿಗೂ ಸಂಬಂಧವೇ ಇಲ್ಲ. ಉಬುಂಟು 23.04, ಡೆಬಿಯನ್ 12 ರಿಂದ ಈಚೆಗೆ ಸಿಸ್ಟಮ್ ಪೈಥಾನ್‌ಗೆ ನೇರ ಪಿಪ್ ಬಿಡುವುದಿಲ್ಲ. ವರ್ಚುವಲ್ ಎನ್ವಿರಾನ್ಮೆಂಟ್, ಅಂದರೆ ನಿಮ್ಮ ಕೆಲಸಕ್ಕೇ ಬೇರೆಯಾದ ಪೈಥಾನ್ ಫೋಲ್ಡರ್, ಮಾಡಿಕೊಳ್ಳಿ.

ತಡೆ ಏನೂ ಇಲ್ಲ, ಲೈನೇ ನಿಧಾನ ಅನ್ನುವುದೂ ಇದೆ. ಹೊಸನಗರ, ಆಗುಂಬೆ ಕಡೆ ಮಳೆಗಾಲದಲ್ಲಿ ದೊಡ್ಡ ಪ್ಯಾಕೇಜ್ ಅರ್ಧಕ್ಕೆ ಕಡಿದರೆ ಪ್ರಾಕ್ಸಿಯನ್ನು ಬೈದು ಪ್ರಯೋಜನವಿಲ್ಲ. ಲೈನ್ ಚೆನ್ನಾಗಿರುವ ಕಡೆ, ಅದೇ ಥರದ ಕಂಪ್ಯೂಟರ್, ಅದೇ ಪೈಥಾನ್ ಆವೃತ್ತಿ ನೋಡಿಕೊಂಡು "ಪಿಪ್ ಡೌನ್‌ಲೋಡ್ -ಡಿ" ಮುಂದೆ ಫೋಲ್ಡರ್ ಹೆಸರು, ಪ್ಯಾಕೇಜ್ ಹೆಸರು ಕೊಟ್ಟು ಇಳಿಸಿ. ಪೆನ್‌ಡ್ರೈವ್‌ನಲ್ಲಿ ತಂದು "ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್" ಮುಂದೆ ಅದೇ ಫೋಲ್ಡರ್, ಅದೇ ಪ್ಯಾಕೇಜ್. ಇಡೀ ಲ್ಯಾಬಿಗೆ ಉಬುಂಟು ಅಪ್‌ಡೇಟ್ ಮಾಡಬೇಕಾದ ಮೇಷ್ಟ್ರುಗಳು ಆಪ್ಟ್-ಕ್ಯಾಷರ್-ಎನ್‌ಜಿ ನೋಡಿ. ಒಂದು ಯಂತ್ರ ಇಳಿಸಿದ್ದನ್ನು ಅದು ಇಟ್ಟುಕೊಂಡು ಉಳಿದವಕ್ಕೆ ಒಳಗಿನಿಂದಲೇ ಹಂಚುತ್ತದೆ, 3142 ಪೋರ್ಟ್‌ನಲ್ಲಿ. ಮಲೆನಾಡಿನ ಲೈನಿಗೆ ಇದರಷ್ಟು ಉಪಕಾರ ಬೇರೆ ಇಲ್ಲ.

ಲಕ್ಷಣ: ಆಪ್ಟ್‌ನಲ್ಲಿ "ನೋಸ್‌ಪ್ಲಿಟ್" ಅಥವಾ "ಹ್ಯಾಶ್ ಸಮ್ ಮಿಸ್‌ಮ್ಯಾಚ್"

ನೋಸ್‌ಪ್ಲಿಟ್ ಬಂದರೆ ಆಪ್ಟ್ ಕೇಳಿದ ಕಡತದ ಬದಲು ಯಾರೋ ವೆಬ್ ಪುಟ ಕೊಟ್ಟಿದ್ದಾರೆ. ಬಹುತೇಕ ಅದು ವೈಫೈನ ಲಾಗಿನ್ ಪುಟ. ಬ್ರೌಸರ್‌ನಲ್ಲಿ ಲಾಗಿನ್ ಆದರೆ ಮುಗಿಯಿತು.

ಹ್ಯಾಶ್ ಸಮ್ ಮಿಸ್‌ಮ್ಯಾಚ್ ಅಂದರೆ ಬಂದ ಕಡತಕ್ಕೂ ಪಟ್ಟಿಯಲ್ಲಿರುವ ಲೆಕ್ಕಕ್ಕೂ ತಾಳೆ ಆಗುತ್ತಿಲ್ಲ. ಪ್ರಾಕ್ಸಿ ಹಿಂದೆ ಇದಕ್ಕೆ ದೊಡ್ಡ ಕಾರಣ, ಪ್ರಾಕ್ಸಿ ತನ್ನಲ್ಲಿ ಇಟ್ಟುಕೊಂಡ ಹಳೆಯ ಪ್ರತಿಯನ್ನೇ ಕೊಡುವುದು. ಹೊಸದನ್ನೇ ತಾ ಅಂತ ಹೇಳಿ:

ಸುಡೊ ಆಪ್ಟ್ -ಓ ಅಕ್ವೈರ್::ಎಚ್‌ಟಿಟಿಪಿ::ನೋ-ಕ್ಯಾಷ್=ಟ್ರೂ ಅಪ್‌ಡೇಟ್

ಆಗದಿದ್ದರೆ /ವರ್/ಲಿಬ್/ಆಪ್ಟ್/ಲಿಸ್ಟ್ಸ್ ಫೋಲ್ಡರಿನ ಹೆಸರು ಬದಲಾಯಿಸಿ ಮತ್ತೆ ಅಪ್‌ಡೇಟ್ ಮಾಡಿ. ಆಪ್ಟ್ ಹೊಸದಾಗಿ ಮಾಡಿಕೊಳ್ಳುತ್ತದೆ. ಸುಡೊ ಜೊತೆ ಆರ್‌ಎಂ ಬಳಸಿ ಅಳಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ದಾರಿಯಲ್ಲಿ ಒಂದು ಖಾಲಿ ಜಾಗ ಹೆಚ್ಚಾದರೂ ಬೇರೇನೋ ಹೋಗುತ್ತದೆ, ಅದಕ್ಕೇ ಹೆಸರು ಬದಲಾಯಿಸಿ ಅನ್ನುತ್ತೇನೆ. ಸಹಿ ಪರೀಕ್ಷೆ ಬಿಟ್ಟು ಇನ್‌ಸ್ಟಾಲ್ ಮಾಡಿಸುವ ಆಯ್ಕೆಗಳನ್ನಂತೂ ಮುಟ್ಟಲೇಬೇಡಿ.

ಲಕ್ಷಣ: ಕಾಲೇಜಿನಲ್ಲಿ ಆಗುತ್ತದೆ, ಊರಿಗೆ ಬಂದರೆ ಆಗುವುದಿಲ್ಲ

ರಜೆಗೆ ಮನೆಗೆ ಬಂದ ಲ್ಯಾಪ್‌ಟಾಪ್ ಇನ್ನೂ ಕಾಲೇಜಿನ 10.0.0.5 ಅನ್ನೇ ಹುಡುಕುತ್ತಿರುತ್ತದೆ. ಸೆಟ್ಟಿಂಗ್ ಐದಾರು ಕಡೆ ಅಡಗಿರುತ್ತದೆ. ಎನ್ವ್, ಗ್ರೆಪ್ ಮೇಲೆ ಹೇಳಿದ ಹಾಗೆ. ಆಮೇಲೆ "ಗ್ರೆಪ್ -ಆರ್‌ಐ ಪ್ರಾಕ್ಸಿ /ಇಟಿಸಿ/ಆಪ್ಟ್ /ಇಟಿಸಿ/ಎನ್ವಿರಾನ್ಮೆಂಟ್", ಮನೆಯ ಫೋಲ್ಡರಿನ .ಬ್ಯಾಷ್‌ಆರ್‌ಸಿ, "ಪಿಪ್ ಕಾನ್ಫಿಗ್ ಲಿಸ್ಟ್", "ಎನ್‌ಪಿಎಂ ಕಾನ್ಫಿಗ್ ಲಿಸ್ಟ್", "ಗಿಟ್ ಕಾನ್ಫಿಗ್ --ಗ್ಲೋಬಲ್ --ಲಿಸ್ಟ್". ಸಿಕ್ಕಿದ ಸಾಲಿನ ಮುಂದೆ # ಹಾಕಿ ಇಟ್ಟರೆ ಸಾಕು, ಮತ್ತೆ ಬೇಕಾಗುತ್ತದೆ. ಆಪ್ಟ್‌ನ ಕಡತದಲ್ಲಿ ಮಾತ್ರ # ಬದಲು // ಹಾಕಿ. ಗಿಟ್‌ಗೆ "ಗಿಟ್ ಕಾನ್ಫಿಗ್ --ಗ್ಲೋಬಲ್ --ಅನ್‌ಸೆಟ್ ಎಚ್‌ಟಿಟಿಪಿ.ಪ್ರಾಕ್ಸಿ".

ಅಡ್ಮಿನ್ ಹತ್ತಿರ ಹೋಗುವಾಗ

403 ಬಂದರೆ, ಪ್ರಾಕ್ಸಿವರೆಗೆ ದಾರಿಯೇ ಇಲ್ಲದಿದ್ದರೆ, 502ರ ಥರದ್ದು ಬರುತ್ತಲೇ ಇದ್ದರೆ, ಖಾತೆ ಲಾಕ್ ಆದರೆ, ನಿಮ್ಮ ಕೈಲಾದದ್ದು ಮುಗಿಯಿತು. ವಿಪಿಎನ್, ಅಪರಿಚಿತರ ಪ್ರಾಕ್ಸಿ ಅಂತ ಕಳ್ಳದಾರಿ ಹಿಡಿಯಬೇಡಿ. ಅಪರಿಚಿತರ ಪ್ರಾಕ್ಸಿಯಿಂದ ಸಾಫ್ಟ್‌ವೇರ್ ತರಿಸುವುದು ಎಲ್ಲಕ್ಕಿಂತ ಅಪಾಯ.

"ನೆಟ್ ಬರ್ತಿಲ್ಲ ಸಾರ್" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಬೆಳಿಗ್ಗೆ ಹನ್ನೊಂದಕ್ಕೆ, ಲ್ಯಾಬಿನ ಈ ಕಂಪ್ಯೂಟರ್‌ನಿಂದ, ಫೈಲ್ಸ್.ಪೈಥಾನ್‌ಹೋಸ್ಟೆಡ್.ಆರ್ಗ್ 443ಕ್ಕೆ ಪ್ರಾಕ್ಸಿ 403 ಕೊಡ್ತಿದೆ, ಪೈಪಿಐ.ಆರ್ಗ್‌ಗೆ 200 ಬರ್ತಿದೆ" ಅಂದರೆ ಲಾಗ್ (ಪ್ರಾಕ್ಸಿಯ ದಾಖಲೆ) ತೆರೆದ ಕೂಡಲೇ ಅವರಿಗೆ ಆ ಸಾಲು ಸಿಗುತ್ತದೆ. ನಿಮ್ಮ ಐಪಿ, ಸಮಯ, ಕೇಳಿದ ವಿಳಾಸ, ಬಂದ ಅಂಕಿ, ಈ ನಾಲ್ಕು ಇರಲಿ.

ಕರ್ಲ್ -ವಿ ಕೊಟ್ಟಿದ್ದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಗೇ ಹಾಕುವ ಮೊದಲು "ಪ್ರಾಕ್ಸಿ-ಆಥರೈಸೇಶನ್: ಬೇಸಿಕ್" ಅನ್ನುವ ಸಾಲು ಹುಡುಕಿ ಅಳಿಸಿ. ಅದರ ಮುಂದಿರುವ ಅರ್ಥವಾಗದ ಅಕ್ಷರಗಳು ಗುಪ್ತಲಿಪಿ ಅಲ್ಲ. ಬೇಸ್64 ಅಷ್ಟೇ, ಒಂದೇ ಆಜ್ಞೆಯಲ್ಲಿ ನಿಮ್ಮ ಹೆಸರು, ಪಾಸ್‌ವರ್ಡ್ ಎರಡೂ ಓದಲು ಸಿಗುತ್ತವೆ. ಈಗಾಗಲೇ ಕಳಿಸಿಬಿಟ್ಟಿದ್ದರೆ ಮೊದಲು ಪಾಸ್‌ವರ್ಡ್ ಬದಲಾಯಿಸಿ, ಉಳಿದ ಕೆಲಸ ಆಮೇಲೆ.